ಹಳೆಯ ಗಾಯ, ಹೊಸ ಓಟ

ಕಳೆದ ದೀಪಾವಳಿಯ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು. ಕಣ್ಣು ಮಂಜಾಯಿತು, ಲೋಟ ಜಾರಿತು. ಏಳನೇ ತರಗತಿಯ ಮೊಮ್ಮಗಳು ಓಡಿಬಂದಳು.

“ಏನಿಲ್ಲ ಪುಟ್ಟಿ, ಗ್ಯಾಸು” ಎಂದೆ.

ಅವಳು ಕೇಳಲಿಲ್ಲ. ಶಾಲೆಯಲ್ಲಿ ಕಲಿತಂತೆ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. “ಅಜ್ಜ, ಎಣಿಸೋಕೇ ಆಗ್ತಿಲ್ಲ!” ಎಂದು ಕೂಗಿ, ಅಮ್ಮನಿಂದ 108ಕ್ಕೆ ಫೋನ್ ಮಾಡಿಸಿದಳು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ನಿಮಿಷಕ್ಕೆ 180 ಬಡಿತ! ವಿದ್ಯುತ್ ಆಘಾತ ಕೊಟ್ಟು ಲಯ ಸರಿಪಡಿಸಿದರು. ಕಾರಣ ಆರು ವರ್ಷ ಹಳೆಯದು. ಅಂದು ರಾತ್ರಿ ನನಗೆ ಹೃದಯಾಘಾತವಾಗಿತ್ತು. ಆಗಲೂ ಗ್ಯಾಸೆಂದು ಬೆಳಗಿನವರೆಗೆ ಮಲಗಿದ್ದೆ.

ಮಕ್ಕಳೇ, ಹೃದಯದ ಕೆಳಗಿನ ಎರಡು ಕೋಣೆಗಳಿಗೆ ಹೃತ್ಕುಕ್ಷಿ ಎನ್ನುತ್ತಾರೆ. ಎಡಗಡೆಯದು ಇಡೀ ಮೈಗೆ ರಕ್ತ ತಳ್ಳುವ ಪಂಪು. ಹೃದಯಾಘಾತದಲ್ಲಿ ರಕ್ತ ಸಿಗದ ಸ್ನಾಯು ಸಾಯುತ್ತದೆ; ಆ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ. ಗೋಡೆ ತೆಳುವಾಗಿ, ಸೈಕಲ್ ಟ್ಯೂಬಿನ ಸವೆದ ಜಾಗದಂತೆ ಹೊರಗೆ ಉಬ್ಬಬಹುದು. ಈ ಉಬ್ಬೇ ಅನ್ಯೂರಿಸಂ.

ಹಳೆಯ ಉಬ್ಬು ಒಡೆಯುವುದು ಅಪರೂಪ. ತೊಂದರೆ ಇರುವುದು ಅದರ ಅಂಚಿನಲ್ಲಿ. ಆರೋಗ್ಯವಂತ ಹೃದಯದಲ್ಲಿ ವಿದ್ಯುತ್ ಅಲೆ ಮೇಲಿನಿಂದ ಹೊರಟು, ಸ್ನಾಯುವನ್ನೆಲ್ಲ ಮುಟ್ಟಿ ಆರಿಹೋಗುತ್ತದೆ. ವಿಶ್ರಾಂತಿಯಲ್ಲಿರುವಾಗ ಹೀಗೆ ನಿಮಿಷಕ್ಕೆ 60ರಿಂದ 100 ಸಲ. ಕಲೆಯ ಅಂಚಿನಲ್ಲಾದರೋ, ಬದುಕುಳಿದ ನಾಲ್ಕಾರು ಎಳೆಗಳಲ್ಲಿ ಅಲೆ ತೆವಳುತ್ತ ಸಾಗುತ್ತದೆ. ಅದು ಹೊರಬರುವಷ್ಟರಲ್ಲಿ ಸುತ್ತಲಿನ ಸ್ನಾಯು ಮತ್ತೆ ಸಿದ್ಧವಾಗಿರುತ್ತದೆ. ಸರಿ, ಅಲೆ ಪುನಃ ಒಳಹೊಕ್ಕು ಕಲೆಗೆ ಪ್ರದಕ್ಷಿಣೆ ಶುರುಮಾಡುತ್ತದೆ. ಒಂದೊಂದು ಸುತ್ತಿಗೂ ಒಂದು ಬಡಿತ! ಇದೇ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ. ಇಷ್ಟು ವೇಗದಲ್ಲಿ ಕೋಣೆಗೆ ರಕ್ತ ತುಂಬಿಕೊಳ್ಳಲು ಪುರಸೊತ್ತಿಲ್ಲ, ತಲೆ ಸುತ್ತುತ್ತದೆ. ಲಯ ಪೂರ್ತಿ ಕೆಟ್ಟು ಹೃದಯ ಬರೀ ನಡುಗತೊಡಗಿದರೆ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಇದಕ್ಕೆ ಮಾತ್ರೆಗಳಿವೆ. ತೆಳ್ಳನೆಯ ತಂತಿಯನ್ನು ರಕ್ತನಾಳದೊಳಗೆ ಕಳಿಸಿ ಆ ಪ್ರದಕ್ಷಿಣೆಯ ದಾರಿಯನ್ನು ಸುಡುವುದೂ ಉಂಟು. ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಉಬ್ಬು ತೆಗೆಯುತ್ತಾರೆ. ನನ್ನ ಎಡ ಕೊರಳೆಲುಬಿನ ಕೆಳಗೆ ಮಾತ್ರ ಐಸಿಡಿ ಎಂಬ ಪುಟ್ಟ ಯಂತ್ರ ಕೂತಿದೆ. ಓಟ ಶುರುವಾದರೆ ತಾನೇ ಗುರುತಿಸಿ ತಡೆಯುತ್ತದೆ, ಬೇಕಾದರೆ ಆಘಾತ ಕೊಡುತ್ತದೆ.

ಅದರ ಹಿಂದೊಂದು ಕಥೆಯಿದೆ. ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಡಾಕ್ಟರ್ ಮಿಶೆಲ್ ಮಿರೋವ್‌ಸ್ಕಿಯವರ ಗುರುಸಮಾನ ವೈದ್ಯ ಹ್ಯಾರಿ ಹೆಲ್ಲರ್ 1966ರಲ್ಲಿ ಇಂಥದೇ ಓಟಕ್ಕೆ ಬಲಿಯಾದರು. ಆ ದುಃಖದಲ್ಲೇ ಮಿರೋವ್‌ಸ್ಕಿ ಈ ಯಂತ್ರದ ಕನಸು ಕಂಡರು. ಆಗದ ಮಾತೆಂದು ಹಲವರು ಹೇಳಿದರೂ ಬಿಡಲಿಲ್ಲ. 1980ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಲ ಅದನ್ನು ಮನುಷ್ಯರಿಗೆ ಅಳವಡಿಸಲಾಯಿತು.

ಒಂದು ತಪ್ಪೊಪ್ಪಿಗೆ. ದೀಪಾವಳಿಗೆ ಮುಂಚೆಯೂ ಎರಡು ಸಲ ತಲೆ ಸುತ್ತಿ ಕೂತಿದ್ದೆ. ಮನೆಯವರು ಗಾಬರಿಯಾದಾರೆಂದು ಮುಚ್ಚಿಟ್ಟಿದ್ದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಒಂದು ಪೈಸೆಯ ವ್ಯತ್ಯಾಸವನ್ನೂ ಮುಚ್ಚಿಡದವನು, ನನ್ನ ಎದೆಯ ಲೆಕ್ಕವನ್ನೇ ತಪ್ಪು ಬರೆದೆ.

ಅಜ್ಜ ಅಜ್ಜಿಯರೇ, ಎದೆನೋವು, ತಡೆಯಿಲ್ಲದ ಡವಡವ, ಕಣ್ಣು ಕತ್ತಲೆ ಬಂದರೆ ಗ್ಯಾಸಿನ ಮೇಲೆ ಹಾಕಿ ಕೂರಬೇಡಿ, ಮನೆಯವರಿಗೆ ಹೇಳಿ. ಮಕ್ಕಳೇ, ನಾಡಿ ಹಿಡಿಯಲು ಕಲಿಯಿರಿ. ಅಜ್ಜ “ಏನಿಲ್ಲ” ಎಂದರೆ ಪೂರ್ತಿ ನಂಬಬೇಡಿ.

ನನ್ನ ಪುಟ್ಟಿ ಈಗಲೂ ಶಾಲೆಗೆ ಹೊರಡುವ ಮುನ್ನ ಮಣಿಕಟ್ಟು ಹಿಡಿಯುತ್ತಾಳೆ. ಇವತ್ತಿನ ಲೆಕ್ಕ, 72.