ಕೀಲಿ ತೆಗೆದರೂ ನಿಲ್ಲದ ಇಂಜಿನ್

1976ರಲ್ಲಿ ಬಂದ 123 ಮಾದರಿಯ ಡೀಸೆಲ್ ಬೆಂಜ್ ಕಾರು ನಿಮ್ಮಲ್ಲಿದೆಯೇ? ಕೀಲಿ ತೆಗೆದರೂ ಇಂಜಿನ್ ನಿಲ್ಲದಿದ್ದರೆ ಗಾಬರಿ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ತೆರೆದು, ‘ಸ್ಟಾಪ್’ ಎಂದು ಬರೆದಿರುವ ಲಿವರ್ ಒತ್ತಿರಿ, ನಿಲ್ಲುತ್ತದೆ.

ನಮ್ಮ ನೆಂಟರೊಬ್ಬರಿಗೆ ಡೀಸೆಲ್ ಪಂಪನ್ನೇ ಬದಲಿಸಬೇಕೆಂದಿದ್ದರು. ಕೆಟ್ಟಿದ್ದು ಗೇಣುದ್ದದ ರಬ್ಬರ್ ಕೊಳವೆ! ಈ ಕಾರಿನಲ್ಲಿ ಇಂಜಿನ್ ನಿಲ್ಲಿಸುವುದು ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಬಲ. ಸೆಂಟ್ರಲ್ ಲಾಕ್ ಇದ್ದರೆ ಅದಕ್ಕೂ ಅದೇ ಬಲ. ಬಾಗಿಲಿನ ಕೊಳವೆ ಸೋರಿದರೂ ಇಂಜಿನ್ ನಿಲ್ಲದೆ ಹೋಗಬಹುದು. ಬೀಗದ ಕಡೆಯ ಕೊಳವೆಯನ್ನು ಮುಚ್ಚಿ ನೋಡಿ. ಆಗ ಇಂಜಿನ್ ನಿಂತರೆ ಸೋರಿಕೆ ಅಲ್ಲಿಯೇ.

ಬಿಡಿಭಾಗ ಕೊಳ್ಳಲು ಹೋಗುವಾಗ ಚಾಸಿ ನಂಬರು, ಇಂಜಿನ್ ನಂಬರು ಬರೆದುಕೊಳ್ಳಿ. ಹಳೆಯ ತುಂಡನ್ನೂ ಒಯ್ಯಿರಿ. ಬ್ಯಾಂಕಿನಲ್ಲಿ ನಾವು ಸಹಿ ತಾಳೆ ನೋಡುತ್ತಿದ್ದ ಹಾಗೆ ಎರಡನ್ನೂ ತಾಳೆ ನೋಡಿ, ಆಮೇಲೆ ಹಣ ಕೊಡಿ.