ವಾರವೆಲ್ಲ ನೌಕರಿ, ಭಾನುವಾರ ಉಪದೇಶ

ಸಭಾಪಾಲಕರು ಬರಲಾಗದ ಭಾನುವಾರವೂ ಜನ ಆರಾಧನೆಗೆ ಬರುತ್ತಾರೆ. ಪಾಪ ಅರಿಕೆ, ವೇದಪಾಠ, ವಿಶ್ವಾಸ ಪ್ರಮಾಣ, ಪ್ರಸಂಗ, ಪ್ರಾರ್ಥನೆ ಎಂದು ಲೂಥರನ್ ಸಭೆಯ ಆರಾಧನಾ ಕ್ರಮ ಪುಸ್ತಕದಲ್ಲಿ ಅಚ್ಚಾಗಿಯೇ ಇದೆ. ಅದನ್ನು ಹಿಡಿದು ಮುಂದೆ ನಿಲ್ಲಲು ಒಬ್ಬರು ಬೇಕು, ಅಷ್ಟೆ. ಬ್ಯಾಂಕಿನ ಗುಮಾಸ್ತರೋ, ಶಾಲೆಯ ಮೇಡಮ್ಮೋ, ನಿವೃತ್ತಿಯಾದ ಕಾರ್ಖಾನೆ ಕೆಲಸಗಾರರೋ ಎದ್ದು ನಿಲ್ಲುತ್ತಾರೆ. ಸಂಬಳವಿಲ್ಲ, ದೀಕ್ಷೆಯಿಲ್ಲ. ಇವರನ್ನು ತಯಾರು ಮಾಡುವುದು ಹೇಗೆ, ತಯಾರಾದ ಮೇಲೆ ನೋಡಿಕೊಳ್ಳುವುದು ಹೇಗೆ ಎಂಬುದು ಉತ್ತರ ಬೆಂಗಳೂರಿನಂತಹ ಕಡೆ ಈಗ ದೊಡ್ಡ ಪ್ರಶ್ನೆ.

ಕಾರಣ ಈ ಭಾಗ ಬೆಳೆದ ಬಗೆಯಲ್ಲೇ ಇದೆ. 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಕಾರ್ಖಾನೆ ಬಂತು, 1984ರಲ್ಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಕೆಲಸ ಹುಡುಕಿ ಬಂದವರು ತಮ್ಮ ತಮ್ಮ ಸಭೆಯನ್ನೂ ಮನಸ್ಸಿನಲ್ಲಿ ಹೊತ್ತು ತಂದರು. ಲೂಥರನ್ ಸಭೆ ಬಲವಾಗಿರುವುದು ಗುಂಟೂರಿನ ಕಡೆ, ತಮಿಳುನಾಡಿನಲ್ಲಿ, ರಾಂಚಿಯ ಸುತ್ತಮುತ್ತ. ಅಲ್ಲಿಂದ ಬಂದವರ ಮನೆಗಳು ಹೆಬ್ಬಾಳದಲ್ಲೊಂದು, ಆರ್.ಟಿ. ನಗರದಲ್ಲೊಂದು, ಯಶವಂತಪುರದಲ್ಲೊಂದು ಎಂದು ಚದುರಿವೆ. ಭಾಷೆಗೊಬ್ಬರು, ಬಡಾವಣೆಗೊಬ್ಬರು ಎಂದು ಪಾದ್ರಿಗಳನ್ನು ಎಲ್ಲಿಂದ ತರುವುದು?

ಪ್ರಶ್ನೆ ಹೊಸದಲ್ಲ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಲೂಥರನ್ ಮಿಷನರಿಗಳಿಗೂ ಇದೇ ಕೊರತೆ ಕಾಡಿತ್ತು. ಊರೂರು ತಿರುಗಿ ಕಲಿಸಿದವರು ಸ್ಥಳೀಯ ಉಪದೇಶಿಗಳು. ಅವರಲ್ಲಿ ಒಬ್ಬರಾದ ಆರೋನ್ 1733ರಲ್ಲಿ ದೀಕ್ಷೆ ಪಡೆದು ಭಾರತದ ಮೊದಲ ಪ್ರೊಟೆಸ್ಟಂಟ್ ಸಭಾಪಾಲಕರಾದರು. ಕನ್ನಡ ನಾಡಿನ ಕಥೆ 1834ರದು. ಆ ವರ್ಷ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ ಪೂರ್ತಿ ಲೂಥರನ್ ಸಂಸ್ಥೆಯಲ್ಲ. ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಜರ್ಮನಿಯ ವ್ಯೂರ್ಟೆಂಬರ್ಗಿನ ಲೂಥರನ್ನರೂ ಕೂಡಿ ನಡೆಸಿದ್ದು. 1847ರಲ್ಲಿ ಬಲ್ಮಠದ ಗುಡ್ಡದ ಮೇಲೆ ಉಪದೇಶಿಗಳಿಗಾಗಿ ಅವರ ಸೆಮಿನರಿ ಶುರುವಾಯಿತು. ಗಂಡಸರು ಕಾಲಿಡಲಾಗದ ಮನೆಗಳ ಒಳಕೋಣೆಗೆ ಹೋಗಿ ಕಲಿಸಿದವರು ಬೈಬಲ್ ಸ್ತ್ರೀಯರು. ಅವರ ಹೆಸರುಗಳು ಮಿಷನರಿಗಳ ಹೆಸರಿನಷ್ಟು ನಮ್ಮ ನೆನಪಿನಲ್ಲಿ ಉಳಿಯದಿರುವುದು ದೊಡ್ಡ ನಷ್ಟ ಎಂದೇ ನನ್ನ ಭಾವನೆ. ಬಾಸೆಲ್ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯನ್ನು, ಅಂದರೆ ಸಿಎಸ್ಐಯನ್ನು ಸೇರಿದವು. ಬಲ್ಮಠದಲ್ಲಿ ಈಗಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡದಲ್ಲೇ ಪಾಠ ಹೇಳುತ್ತದೆ.

ಬೆಂಗಳೂರಿನಲ್ಲಿ ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ, 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಆದರೆ ಅಲ್ಲಿ ಓದಬೇಕಾದರೆ ವರ್ಷಗಟ್ಟಲೆ ಬಿಡುವು ಬೇಕು. ಎರಡನೇ ಪಾಳಿಯ ಕೆಲಸಗಾರರಿಗೆ, ಮಕ್ಕಳ ಫೀಸು ಕಟ್ಟಬೇಕಾದ ತಾಯಿಗೆ ಅದು ಆಗದ ಮಾತು. ಅಂಥವರಿಗೆ ದಾರಿ ತೋರಿಸಿದ್ದು ಗ್ವಾಟೆಮಾಲಾ. 1963ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಸೆಮಿನರಿಯವರು, ರಾಜಧಾನಿಯಲ್ಲಿ ಓದಿದ ಹುಡುಗರು ಹಳ್ಳಿಗೆ ಮರಳುವುದಿಲ್ಲವೆಂದು ಕಂಡು, ಸೆಮಿನರಿಯನ್ನೇ ಹಳ್ಳಿಗಳತ್ತ ಒಯ್ದರು. ಅದೇ ಕ್ರಮ ಹಿಡಿದು 1971ರಲ್ಲಿ ಹುಟ್ಟಿದ ಸಂಸ್ಥೆ ಟ್ಯಾಫ್ಟಿ. ಕೇಂದ್ರ ಕಚೇರಿ ಬೆಂಗಳೂರಿನಲ್ಲೇ. ಅದು ಯಾವ ಒಂದು ಸಭೆಗೂ ಸೇರಿದ್ದಲ್ಲ.

ಅದರ ರೀತಿ ಸರಳ. ಕಲಿಯುವವರಿಗೆಂದೇ ಹೆಣೆದ ಪುಸ್ತಕವನ್ನು ಮನೆಯಲ್ಲಿ ದಿನಕ್ಕಿಷ್ಟು ಓದಬೇಕು; ಒಂದು ತುಣುಕು ವಿಷಯ, ಕೂಡಲೇ ಪ್ರಶ್ನೆ, ಉತ್ತರ ಬರೆದು ತಾವೇ ತಾಳೆ ನೋಡಿಕೊಳ್ಳುವುದು. ವಾರಕ್ಕೊಮ್ಮೆ ಹತ್ತಿರದಲ್ಲೇ ಗುಂಪಾಗಿ ಕೂತು ಚರ್ಚೆ. ಕಲಿತದ್ದನ್ನು ಅದೇ ವಾರ ಸಭೆಯಲ್ಲಿ ಬಳಸುವುದು. ಈ ವಿಧಾನವನ್ನು ಬೇಲಿಗೆ ಹೋಲಿಸುವುದುಂಟು: ಮನೆ ಓದು ಮತ್ತು ಸಭೆಯ ಕೆಲಸ ಎರಡು ಅಡ್ಡಪಟ್ಟಿಗಳು, ವಾರದ ಗುಂಪು ಅವನ್ನು ಬಿಗಿಯುವ ಕಂಬ. ಕಂಬ ಸಡಿಲವಾದರೆ ಮಿಕ್ಕದ್ದು ನಿಲ್ಲದು. ಮೊಬೈಲಿನಲ್ಲಿ ಎಲ್ಲ ಪಾಠ ಸಿಗುವ ಈ ಕಾಲದಲ್ಲೂ ಎದುರುಬದುರು ಕೂರುವ ಆ ಒಂದು ಗಂಟೆಯನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಲೂಥರನ್ ಸಭೆಯಲ್ಲಿ ಇಂಥ ಸೇವೆಗೆ ಇನ್ನೊಂದು ಪದರವಿದೆ. ವಿಶ್ವಾಸಿಗಳೆಲ್ಲ ಯಾಜಕರೇ ಎಂದು ಲೂಥರ್ 1520ರಲ್ಲಿ ಬರೆದರು. ಆದರೆ ಲೂಥರನ್ನರ ಮೂಲ ವಿಶ್ವಾಸಪತ್ರವಾದ 1530ರ ಔಗ್ಸ್‌ಬರ್ಗ್ ಅರಿಕೆಯ 14ನೇ ವಿಧಿ, ಕ್ರಮವಾಗಿ ಕರೆ ಪಡೆಯದವರು ಸಭೆಯಲ್ಲಿ ಬಹಿರಂಗವಾಗಿ ಬೋಧಿಸಕೂಡದು, ಸಂಸ್ಕಾರಗಳನ್ನು ನಡೆಸಕೂಡದು ಎನ್ನುತ್ತದೆ. ಹಾಗಾಗಿ ತಾನಾಗಿ ಎದ್ದು ನಿಂತರೆ ಸಾಲದು. ಸಭೆ ಕರೆಯಬೇಕು, ಸಭಾಪಾಲಕರು ಜವಾಬ್ದಾರಿ ಹೊರಬೇಕು. ಕರ್ತನ ಭೋಜನ ಸಾಮಾನ್ಯವಾಗಿ ದೀಕ್ಷೆ ಪಡೆದವರ ಕೈಯಲ್ಲೇ. ದೀಕ್ಷಾಸ್ನಾನವೂ ಹಾಗೆಯೇ, ಆದರೆ ಮಗು ಸಾವಿನಂಚಿನಲ್ಲಿದ್ದರೆ ಯಾವ ಕ್ರೈಸ್ತರಾದರೂ ಕೊಡಬಹುದು. ಆಸ್ಪತ್ರೆಗೆ ಭೇಟಿ ಕೊಡುವವರು ಇದನ್ನು ಬಾಯಿಪಾಠ ಮಾಡಿರಬೇಕು: ನೀರು, ತಂದೆ ಮಗ ಪವಿತ್ರಾತ್ಮರ ಹೆಸರು, ಆಮೇಲೆ ಸಭಾಪಾಲಕರಿಗೆ ತಿಳಿಸುವುದು.

ಪ್ರಸಂಗ ಕಲಿಸುವುದೇ ಕಷ್ಟದ ಭಾಗ. ಧರ್ಮಶಾಸ್ತ್ರ ಮನುಷ್ಯನ ಪಾಪವನ್ನು ತೋರಿಸುತ್ತದೆ, ಸುವಾರ್ತೆ ಕ್ಷಮೆಯನ್ನು ಕೊಡುತ್ತದೆ. ಎರಡನ್ನೂ ಕಲಸಿಬಿಟ್ಟರೆ ಕೇಳುವವರು ಹೆದರುತ್ತಾರೆ, ಇಲ್ಲವೇ ಪಾಪವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇದನ್ನು ಬಲ್ಲ ಲೂಥರ್ ಓದಿಕೊಂಡಿರದ ಪಾದ್ರಿಗಳ ಕೈಗೆ ಸಿದ್ಧ ಪ್ರಸಂಗಗಳ ಸಂಗ್ರಹವನ್ನೇ ಕೊಟ್ಟರು. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಸಭೆಗಳ ತಿಳಿವಳಿಕೆ ಎಷ್ಟು ತೆಳು ಎಂದು ಕಂಡು, ಮರುವರ್ಷ ಸಣ್ಣ ಕ್ಯಾಟೆಕಿಸಂ ಎಂಬ ಪ್ರಶ್ನೋತ್ತರ ಕೈಪಿಡಿ ಬರೆದರು. ಒಳ್ಳೆಯ ಪ್ರಸಂಗವನ್ನು ಪುಸ್ತಕ ನೋಡಿ ಓದುವುದರಲ್ಲಿ ನಾಚಿಕೆಯೇನೂ ಇಲ್ಲ ಎಂದು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ತರಬೇತಿಯ ನಂತರದ ಆಸರೆಯ ಬಗ್ಗೆ ನಾವು ಇನ್ನೂ ಸಾಕಷ್ಟು ಯೋಚಿಸಿಲ್ಲ. ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆದ ಮೇಲೆ ಆ ವ್ಯಕ್ತಿ ಒಂಟಿ. ಸಾವಿನ ಮನೆಗೆ ಅವರೇ, ಜಗಳದ ಮನೆಗೂ ಅವರೇ. ಅವರ ಮನೆಯ ಕಷ್ಟ ಕೇಳುವವರಿಲ್ಲ. ಬಸ್ಸಿನ ಖರ್ಚನ್ನಾದರೂ ಸಭೆ ಕೊಡಬೇಕು. ವರ್ಷದಲ್ಲಿ ಕೆಲವು ಭಾನುವಾರ ಅವರು ಹಿಂದಿನ ಬೆಂಚಿನಲ್ಲಿ ಮನೆಯವರ ಜೊತೆ ಸುಮ್ಮನೆ ಕೂರುವಂತಾಗಬೇಕು. ಭಾಷೆಯ ಆಸರೆಯೂ ಬೇಕು: ಇಲ್ಲಿ ಹುಟ್ಟಿದ ಮಕ್ಕಳ ಆಟದ ಮಾತು ಕನ್ನಡ. ತಮಿಳು, ತೆಲುಗು ಸಭೆಗಳ ಸೇವಕರಿಗೂ ಕನ್ನಡ ಬೈಬಲ್ ಓದಿ ವಿವರಿಸುವಷ್ಟು ಅಭ್ಯಾಸ ಸಿಗಬೇಕು. ಯಲಹಂಕ, ಹೆಬ್ಬಾಳ, ಯಶವಂತಪುರದವರು ಭಾಷೆಯ ಗಡಿ ಬಿಟ್ಟು ತಿಂಗಳಿಗೊಂದು ಶನಿವಾರ ಸಂಜೆ ಒಂದೆಡೆ ಸೇರಿ, ಮುಂದಿನ ನಾಲ್ಕು ಭಾನುವಾರಗಳ ವೇದಪಾಠಗಳನ್ನು ಒಬ್ಬ ಹಿರಿಯ ಸಭಾಪಾಲಕರ ಜೊತೆ ಓದಲಿ. ಅದಕ್ಕೆ ಕಟ್ಟಡ ಬೇಡ, ದೊಡ್ಡ ಹಣ ಬೇಡ; ಯಾರಾದರೊಬ್ಬರ ಮನೆಯ ಹಜಾರ ಸಾಕು.