ಎಂಜಿನ್ ದೀಪ ಹೊತ್ತಿದೊಡನೆ ಸೆನ್ಸರ್ ಬದಲಿಸಬೇಕೆ?

ಟೇಕಲ್: ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡರೆ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಮೂಡಿದ ಸೆನ್ಸರನ್ನು ಬದಲಿಸಿ ಬಿಲ್ಲು ಕೈಗಿಡುವುದು ಇಂದು ಸಾಮಾನ್ಯವಾಗಿದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದೇ ದೀಪ ಮತ್ತೆ ಹೊತ್ತುವ ಪ್ರಸಂಗಗಳೂ ಕಡಿಮೆಯೇನಲ್ಲ.

ಈ ವರದಿಗಾರನಿಗೂ ಆ ಅನುಭವವಾಗಿದೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ದೀಪ ಹೊತ್ತಿ, ಸ್ಕ್ಯಾನರ್ ಪಿ0171 ಎಂಬ ಕೋಡ್ ತೋರಿಸಿತು. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಲಾಯಿತು. ಕಾರು ಮೊದಲಿನಂತೆಯೇ ಎಳೆಯದೆ ತಡವರಿಸುತ್ತಿತ್ತು. ಕೊನೆಗೆ ಮತ್ತೊಬ್ಬ ಮೆಕ್ಯಾನಿಕ್ ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಯನ್ನು ಬಾಗಿಸಿ ನೋಡಿದಾಗ ಅದರ ಮಡಿಕೆಯಲ್ಲಿ ಬಿರುಕು ಕಂಡಿತು. ಸೆನ್ಸರಿನ ಬೆಲೆಯ ಮುಂದೆ ಆ ಕೊಳವೆಯ ಬೆಲೆ ಏನೂ ಅಲ್ಲ.

ಪಿ0171 ಎಂದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದರ್ಥವಲ್ಲ. ಎಂಜಿನ್ ಒಳಗೆ ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಇಂಧನ ಇಲ್ಲ ಎಂದಷ್ಟೇ ಅದರ ಅರ್ಥ. ಗಾಳಿಯನ್ನು ಅಳೆಯುವ ಸೆನ್ಸರ್ ದಾಟಿದ ಮೇಲೆ ಬಿರುಕಿನಿಂದ ಒಳನುಗ್ಗಿದ ಗಾಳಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹೊಗೆಯನ್ನು ಪರೀಕ್ಷಿಸಿ ಆ ವ್ಯತ್ಯಾಸವನ್ನು ಸರಿಯಾಗಿಯೇ ವರದಿ ಮಾಡಿದ್ದು ಆಕ್ಸಿಜನ್ ಸೆನ್ಸರ್. ಕಳ್ಳತನದ ದೂರು ಕೊಟ್ಟವನನ್ನೇ ಠಾಣೆಯಲ್ಲಿ ಕೂರಿಸಿದಂತಾಯಿತು.

ಕಾರ್ಬುರೇಟರ್ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಮೆಕ್ಯಾನಿಕ್‌ಗಳು ಕಿವಿಯಿಂದಲೇ ರೋಗ ಹಿಡಿಯುತ್ತಿದ್ದರು. ಹೊಗೆ ನಿಯಮಗಳು ಬಿಗಿಯಾದಂತೆ ಲೆಕ್ಕಾಚಾರವೆಲ್ಲ ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ಹೋಯಿತು. ದೋಷವನ್ನು ವಾಹನವೇ ದಾಖಲಿಸಿಕೊಳ್ಳುವ ಒಬಿಡಿ ವ್ಯವಸ್ಥೆ ಭಾರತ್ ಸ್ಟೇಜ್ 4 ಕಾರುಗಳಿಗೆ 2010ರಿಂದ ಹಂತಹಂತವಾಗಿ ಬಂತು. ಭಾರತ್ ಸ್ಟೇಜ್ 6 ನಿಯಮ 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಯಾದ ಮೇಲೆ ಸೆನ್ಸರ್‌ಗಳ ಸಂಖ್ಯೆ ಇನ್ನೂ ಹೆಚ್ಚಿದೆ. ಸ್ಟಿಯರಿಂಗ್ ಕೆಳಭಾಗದಲ್ಲಿರುವ 16 ಪಿನ್‌ಗಳ ಸಾಕೆಟ್‌ಗೆ ಅಗ್ಗದ ಬ್ಲೂಟೂತ್ ಸಾಧನ ಸಿಕ್ಕಿಸಿದರೆ ಕೋಡನ್ನು ಮೊಬೈಲ್‌ನಲ್ಲಿಯೇ ಓದಬಹುದು. ಓದುವುದು ಸುಲಭ, ಅದರಿಂದ ದೋಷ ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಟೇಕಲ್ ಕಡೆಯ ವಾಹನಗಳಿಗೆ ಇದರಲ್ಲಿ ಎರಡು ವಿಶೇಷ ಶತ್ರುಗಳಿವೆ. ಮೊದಲನೆಯದು ಧೂಳು. ಬಂಡೆಗಳ ಬೆಟ್ಟ, ಕಲ್ಲುಗಣಿ, ಜಲ್ಲಿ ಲಾರಿಗಳ ನಡುವೆ ಓಡಾಡುವ ಕಾರಿನ ಏರ್ ಫಿಲ್ಟರ್ ಕಂಪನಿ ಹೇಳಿದ ಕಿಲೋಮೀಟರಿಗಿಂತ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ನುಣ್ಣನೆಯ ಕಲ್ಲಿನ ಪುಡಿ ಗಾಳಿ ಅಳೆಯುವ ಸೆನ್ಸರಿನ ಕಾದ ತಂತಿಯ ಮೇಲೆ ಕೂರುತ್ತದೆ. ಆಗ ಗಾಳಿಯ ಅಳತೆ ತಪ್ಪಿ ಎಳೆತ ಕುಗ್ಗುತ್ತದೆ. ಇಲ್ಲಿ ಹೊಸ ಸೆನ್ಸರ್ ತರುವ ಮೊದಲು ಅದಕ್ಕೆಂದೇ ದೊರೆಯುವ ಸ್ಪ್ರೇ ಹಾಕಿ, ಪೂರ್ತಿ ಒಣಗಿಸಿ ನೋಡಬೇಕು. ಬಟ್ಟೆಯಿಂದ ಒರೆಸಿದರೆ ಆ ತಂತಿ ತುಂಡಾಗುತ್ತದೆ. ಹಳೆಯ ಫಿಲ್ಟರ್ ಹಾಗೆಯೇ ಉಳಿದರೆ ಸ್ಪ್ರೇ ಹಾಕಿದ ಶ್ರಮವೂ ವ್ಯರ್ಥ.

ಎರಡನೆಯದು ನೀರು. ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ರೇಡಿಯೇಟರ್‌ಗೂ ಬೀಳುವುದು ಕೊಳವೆಬಾವಿಯ ಗಡಸು ನೀರೇ. ಅದರ ಸುಣ್ಣ ಎಂಜಿನ್‌ನ ಒಳದಾರಿಗಳಲ್ಲಿ ಕಟ್ಟುತ್ತದೆ, ತಾಪಮಾನ ಅಳೆಯುವ ಸೆನ್ಸರಿನ ತುದಿಗೂ ಮೆತ್ತಿಕೊಳ್ಳುತ್ತದೆ. ಎಂಜಿನ್ ಕಾದಿದ್ದರೂ ತಣ್ಣಗಿದೆ ಎಂದು ಭಾವಿಸುವ ಇಸಿಯು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಹೊಗೆ ಕಪ್ಪಾಗುತ್ತದೆ. ಕೂಲಂಟ್ ಅಥವಾ ಡಿಸ್ಟಿಲ್ಡ್ ವಾಟರ್‌ಗೆ ಹಣ ಕೊಡಲು ಹಿಂಜರಿಯುವವರು ಅದಕ್ಕಿಂತ ಹೆಚ್ಚಿನದನ್ನು ಪೆಟ್ರೋಲ್ ಬಂಕಿನಲ್ಲಿ ಕೊಡುತ್ತಿರುತ್ತಾರೆ.

ಈ ತಾಪಮಾನದ ಸೆನ್ಸರನ್ನು ಸಾಧಾರಣ ಮಲ್ಟಿಮೀಟರ್‌ನಿಂದಲೇ ಪರೀಕ್ಷಿಸಬಹುದು. ತಣ್ಣಗಿರುವಾಗ, ಸುಮಾರು 20 ಡಿಗ್ರಿಯಲ್ಲಿ, ಹೆಚ್ಚಿನ ಕಾರುಗಳಲ್ಲಿ ಎರಡರಿಂದ ಮೂರು ಸಾವಿರ ಓಮ್ ಪ್ರತಿರೋಧ ಇರುತ್ತದೆ. 80 ಡಿಗ್ರಿಗೆ ಕಾದಾಗ ಅದು ಸುಮಾರು 300 ಓಮ್‌ಗೆ ಇಳಿಯಬೇಕು. ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಸೆನ್ಸರಿನ ಪ್ಲಗ್ ಕಿತ್ತು ಸ್ಕ್ಯಾನರ್ ನೋಡಿದರೆ ಮೈನಸ್ 40 ಡಿಗ್ರಿಯ ಆಸುಪಾಸು ತೋರಿಸಬೇಕು. ಪ್ಲಗ್‌ನ ಎರಡು ತಂತಿಗಳನ್ನು ಒಂದುಗೂಡಿಸಿದರೆ ಅತಿ ಹೆಚ್ಚಿನ ಉಷ್ಣತೆ ತೋರಿಸಬೇಕು. ಎರಡೂ ಸರಿಯಾಗಿ ಬಂದರೆ ತಂತಿ ಮತ್ತು ಇಸಿಯು ಚೆನ್ನಾಗಿವೆ, ತಪ್ಪು ಸೆನ್ಸರಿನದೇ. ಬಾರದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಇಲಿ ಕಡಿದ ತಂತಿಯನ್ನೋ ಹಸಿರುಗಟ್ಟಿದ ಪಿನ್ನನ್ನೋ ಹುಡುಕಬೇಕು. ಎರಡು ತಂತಿಯ ಈ ಸೆನ್ಸರಿಗೆ ಹೊರತು ಬೇರೆಡೆ ತಂತಿ ಒಂದುಗೂಡಿಸುವ ಸಾಹಸ ಬೇಡ.

ಬದಲಿಸಲು ತಡ ಮಾಡಬಾರದ ಸೆನ್ಸರೂ ಒಂದಿದೆ. ಕ್ರ್ಯಾಂಕ್ ಶಾಫ್ಟ್ ಸೆನ್ಸರ್ ದುರ್ಬಲವಾದರೆ ಎಂಜಿನ್ ಕಾದಾಗ ಇದ್ದಕ್ಕಿದ್ದಂತೆ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜು ತಲುಪುವಾಗ ಎಲ್ಲವೂ ಸರಿಯಾಗಿರುವುದರಿಂದ ಮಾಲೀಕರ ಮಾತನ್ನು ಯಾರೂ ನಂಬುವುದಿಲ್ಲ. ಕೋಲಾರ–ಬೆಂಗಳೂರು ಹೆದ್ದಾರಿಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ ಸ್ಟಿಯರಿಂಗ್ ಬಿಗಿಯಾಗಿ, ಬ್ರೇಕ್‌ನ ಸಹಾಯಶಕ್ತಿಯೂ ಕುಗ್ಗುತ್ತದೆ. ಈ ಲಕ್ಷಣ ಒಮ್ಮೆ ಕಂಡರೂ ಆ ಕಾರಿನಲ್ಲಿ ಮಕ್ಕಳುಮರಿಗಳನ್ನು ಕೂರಿಸಿಕೊಂಡು ದೂರ ಹೊರಡುವುದು ಸಲ್ಲದು.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಾಗವಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಒಯ್ಯಬಹುದು. ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುವ ಮುನ್ನ ಬದಿಗೆ ನಿಲ್ಲಿಸುವುದು ಒಳಿತು. ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸುವವರೂ ಇದ್ದಾರೆ. ಅದರಿಂದ ದೋಷ ಹೋಗುವುದಿಲ್ಲ, ಸಾಕ್ಷ್ಯ ಮಾತ್ರ ಅಳಿಸಿಹೋಗುತ್ತದೆ. ಕೋಡನ್ನೂ, ಅದು ದಾಖಲಾದ ಕ್ಷಣದ ವೇಗ ಮತ್ತು ಉಷ್ಣತೆಯನ್ನೂ ಮೊದಲು ಬರೆದಿಟ್ಟುಕೊಳ್ಳಬೇಕು. ಸೆನ್ಸರ್ ಬದಲಿಸಲೇಬೇಕು ಎಂದು ಮೆಕ್ಯಾನಿಕ್ ಹೇಳಿದರೆ ಮೀಟರ್ ಹಿಡಿದು ಏನು ನೋಡಿದಿರಿ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಬಿಚ್ಚಿದ ಹಳೆಯ ಭಾಗವನ್ನೂ ಕೇಳಿ ಪಡೆಯಬಹುದು.